ಹಿಲ್ಕಾ ನೆಟ್ಟ ದಾರಿ

ಹಿಲ್ಕಾ ತರ್ವಾಯ್ನೆನ್ ಬಗ್ಗೆ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಒಳ್ಳೆಯದನ್ನೇ ಹೇಳುತ್ತಾರೆ. ಮೊದಲಿನಿಂದಲೂ ನನಗೆ ಅದೇ ಅನುಮಾನ. ಎಲ್ಲರ ಬಾಯಲ್ಲೂ ಒಳ್ಳೆಯವರೆನಿಸಿಕೊಂಡವರು ಏನನ್ನೋ ಮುಚ್ಚಿಟ್ಟಿರಬೇಕು ಎಂಬುದು ನನ್ನ ಲೆಕ್ಕ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳ ಗಣಿತ ಸರಿಯಾದ ದಿನ ನಾನು ಅವಳ ಚೀಲದೊಳಗೆ ಇಣುಕಿ ನೋಡುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಸಿಗದಿದ್ದಾಗ ಅನುಮಾನ ಇನ್ನಷ್ಟು ಹೆಚ್ಚುತ್ತಿತ್ತು.

ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಜಾರುಬಂಡಿ, ಹೀಗೆ ಮೂವತ್ತು ವರ್ಷ ಅವಳು ಕೆರೆಯ ಸುತ್ತ ಅಂಚೆ ಹಂಚಿದಳು. ನಿವೃತ್ತಳಾದ ಮೇಲೂ ಒಂದು ಕೆಲಸ ಅವಳ ಕೈಯಲ್ಲೇ ಉಳಿಯಿತು. ಕೆರೆ ಹೆಪ್ಪುಗಟ್ಟಿದಾಗ ಬೈರಿಗೆಯಿಂದ ತೂತು ಕೊರೆದು ಮಂಜುಗಡ್ಡೆಯ ದಪ್ಪ ಅಳೆಯಬೇಕು, ಭಾರ ತಡೆಯುವ ಕಡೆ ಸ್ಪ್ರೂಸ್ ಮರದ ಟೊಂಗೆಗಳನ್ನು ಸಾಲಾಗಿ ನೆಡಬೇಕು. ಆಚೆ ದಡದವರು ಆ ಸಾಲು ಹಿಡಿದೇ ಅಂಗಡಿಗೆ ಬರುತ್ತಾರೆ. ಪಟ್ಟಣದವರು ಸ್ಕೇಟಿಂಗ್ ಮಾಡುವುದೂ ಅದರ ಪಕ್ಕದಲ್ಲೇ. ಅವರು ಬಂದರೆ ಅಂಗಡಿ ನಡೆಯುತ್ತದೆ, ಅಂಗಡಿ ನಡೆದರೆ ಊರು ನಡೆಯುತ್ತದೆ. ಹಿಂದೆ ನವೆಂಬರ್ ಮುಗಿಯುವುದರೊಳಗೆ ಕೆರೆಯ ಮೇಲೆ ಕುದುರೆ ಓಡಿಸಬಹುದಿತ್ತು. ಈಗ ಕ್ರಿಸ್ಮಸ್ ಕಳೆದರೂ ನೀರು ಅಲುಗುತ್ತಿರುತ್ತದೆ. ಗಡ್ಡೆ ಕಟ್ಟಿದರೂ ಜನವರಿಯಲ್ಲಿ ಅದರ ಮೇಲೆ ಮಳೆ ಸುರಿಯುತ್ತದೆ.

ಆ ಸಾಲು ಪ್ರತಿ ವರ್ಷವೂ ನನ್ನ ಮನೆಯೆದುರಿನ ಕೊಲ್ಲಿಯನ್ನು ನೇರವಾಗಿ ದಾಟುತ್ತಿತ್ತು. ದಡದಲ್ಲಿ ನನ್ನ ಎರಡು ಬಾಡಿಗೆ ಮನೆಗಳಿವೆ, ಪಕ್ಕದಲ್ಲಿ ಬಿಸಿ ಹಬೆಯಲ್ಲಿ ಮೀಯುವ ಸೌನಾ ಇದೆ. ಹೋದ ವರ್ಷ ಜನವರಿಯ ಒಂದು ಶನಿವಾರ ನೋಡುತ್ತೇನೆ, ಸಾಲು ಕೊಲ್ಲಿಯನ್ನು ಬಿಟ್ಟು ಬಂಡೆಯ ಮೂಲೆಯನ್ನು ಸುತ್ತಿಕೊಂಡು ಹೋಗಿದೆ. ಆ ಮೂಲೆಯಲ್ಲಿ ಯಾರಿದ್ದಾರೆ? ಅವಳ ತಂಗಿ ಆಯ್ಲಿ. ಫೆಬ್ರವರಿಯ ಶಾಲೆ ರಜೆ ಬಂದರೆ ಅಲ್ಲಿ ಕಾಫಿ, ಏಲಕ್ಕಿ ಬನ್ ಮಾರುತ್ತಾಳೆ. ಕೊನೆಗೂ ಹಿಲ್ಕಾ ತನ್ನ ಬೇಳೆ ಬೇಯಿಸಿಕೊಂಡಳು ಎಂದುಕೊಂಡೆ.

ಕೊನೆಯ ಟೊಂಗೆ ನೆಡುತ್ತಿದ್ದವಳ ಹತ್ತಿರ ಹೋದೆ.

"ಸಾಲು ಯಾಕೆ ಸೊಟ್ಟಗಾಯ್ತು?"

"ಕೊಲ್ಲೀಲಿ ಗಡ್ಡೆ ಬೆಳ್ಳಗಿದೆ ಕಣೋ ತೌನೊ. ಮಳೆ ಕುಡಿದಿರೋ ಗಡ್ಡೆ. ನೋಡೋಕೆ ದಪ್ಪ, ಒಳಗೆ ಪೊಳ್ಳು."

"ತಂಗಿ ಅಂಗಡಿ ಮುಂದೆ ಮಾತ್ರ ಗಟ್ಟಿಯಾ?"

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತಗೋ ಬೈರಿಗೆ, ನೀನೇ ಕೊರೆದು ನೋಡು."

"ನಿನ್ನ ಬೈರಿಗೆ ನಿನ್ನ ಮಾತನ್ನೇ ಹೇಳುತ್ತೆ."

"ಹಂಗಾದ್ರೆ ಮನೆಗೆ ಹೋಗಿ ನಿಂದೇ ತಗೊಂಬಾ" ಎಂದು ನಕ್ಕಳು.

ನನ್ನದೇ ಬೈರಿಗೆ ತಂದೆ. ಭಾನುವಾರ ಅವಳು ಚರ್ಚಿನಲ್ಲಿದ್ದಾಗ ಕೊಲ್ಲಿಯ ನಡುವೆ ನಿಂತು ಕೊರೆದೆ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಮನುಷ್ಯ ನಡೆಯಲು ಅದರರ್ಧ ಸಾಕು. ಸಿಕ್ಕಿಬಿದ್ದಳು! ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಬೈರಿಗೆಯ ಜೊತೆ ಮೇಲೆ ಬಂದದ್ದು ಗಂಜಿಯಂಥ ಬಿಳಿ ಪುಡಿ. ಅದನ್ನು ನೋಡಿದೆ, ಆದರೆ ನನಗೆ ಬೇಕಾಗಿದ್ದುದು ಅಳತೆ ಮಾತ್ರ. ಅವಳು ಮೂಲೆ ಸುತ್ತ ನೆಟ್ಟಿದ್ದ ನಲವತ್ತು ಟೊಂಗೆಗಳನ್ನು ಕಿತ್ತು ತಂದು ಹಳೆಯ ನೇರ ಸಾಲಿನಲ್ಲಿ ನೆಟ್ಟೆ. ಸೋಮವಾರ ಹತ್ತು ಗಂಟೆಗೆ ದಾರಿ ತೆರೆಯುವುದಿತ್ತು. ಆಗ ಎಲ್ಲರೆದುರು ಅವಳ ಬಾಯಿ ಬಿಡಿಸಬೇಕೆಂದಿದ್ದೆ.

ರಾತ್ರಿಯೆಲ್ಲ ಮಳೆ ಬಿತ್ತು, ಬೆಳಗಾಗುವ ಹೊತ್ತಿಗೆ ಅದು ಹಿಮವಾಯಿತು. ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಊರಿನ ಯಾರೂ ಹೊರಗೆ ಕಾಲಿಟ್ಟಿರಲಿಲ್ಲ. ಜನ ಇಳಿಯುವ ಮೊದಲು ದಾರಿಯನ್ನು ಒಮ್ಮೆ ನೋಡಿಬರಲು ಹಿಲ್ಕಾ ಮಾತ್ರ ಕಾಲಲ್ಲಿ ಒದ್ದು ನೂಕುವ ಜಾರುಬಂಡಿ ಹಿಡಿದು ಬಂದಿದ್ದಳು.

ಕಾಫಿ ಕುಡಿಯುತ್ತಿದ್ದವನಿಗೆ ಕೂಗು ಕೇಳಿಸಿತು. ಓಡಿದೆ. ಕೊಲ್ಲಿಯಲ್ಲಿ ಗಡ್ಡೆ ಒಡೆದು ಹಿಲ್ಕಾ ನೀರಿಗೆ ಬಿದ್ದಿದ್ದಳು. ಹೀಗೆ ಬಿದ್ದರೆ ಹತ್ತಿ ಬರಲೆಂದೇ ಕೊರಳಿಗೆ ಕಟ್ಟಿಕೊಳ್ಳುವ ಎರಡು ಮೊಳೆಗೂಟಗಳನ್ನು ಗಡ್ಡೆಗೆ ಚುಚ್ಚಿ ಚುಚ್ಚಿ ಅವಳು ಎದೆಯವರೆಗೆ ಮೇಲೆ ಬಂದಿದ್ದಳು. ನಾನು ಸೌನಾದ ಗೋಡೆಗೆ ಒರಗಿಸಿದ್ದ ಏಣಿಯನ್ನು ಎಳೆದು ತಂದು, ಹೊಟ್ಟೆಯ ಮೇಲೆ ಮಲಗಿ, ಅದನ್ನು ಮುಂದಕ್ಕೆ ತಳ್ಳಿ, ಅವಳನ್ನು ದಡಕ್ಕೆ ಎಳೆದೆ. ಬಂಡಿ ನೀರಿನ ಪಾಲಾಯಿತು.

ಸೌನಾದ ಬೆಂಚಿನ ಮೇಲೆ, ಎರಡು ಕಂಬಳಿಗಳೊಳಗೆ, ಹಲ್ಲು ಕಟಕಟಿಸುತ್ತಿದ್ದರೂ ಅವಳು ಯೋಚಿಸುತ್ತಿದ್ದುದು ಬೇರೆಯದನ್ನೇ.

"ನಾನು ನೆಟ್ಟ ಟೊಂಗೆ ಹಿಡ್ಕೊಂಡೇ ಬಂದೆ. ಮೂಲೆ ಸುತ್ತಿಸಿ ನೆಟ್ಟಿದ್ದೆ ಅಲ್ವಾ? ಶನಿವಾರ ನಿಂಗೆ ಹೇಳಿದ್ದೆ ತಾನೆ?"

ನಾನು ಒಲೆಗೆ ಇನ್ನೊಂದು ಕೊರಡು ತುರುಕಿದೆ. "ನೆನಪಿಲ್ಲ" ಎಂದೆ.

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಮೊನ್ನೆ ಒಲೆ ಆರಿಸೋದನ್ನ ಮರೆತಿದ್ದೆ. ಈಗ ಇದು" ಎಂದಳು.

ಆ ವಾರವಿಡೀ ಮಳೆ. ಗಡ್ಡೆ ಕರಗಿ ಟೊಂಗೆಗಳೆಲ್ಲ ತೇಲಿಹೋದವು, ಆ ಚಳಿಗಾಲ ಮತ್ತೆ ದಾರಿ ಆಗಲೇ ಇಲ್ಲ. ನಾನು ಮಾತ್ರ ಎದುರಿಗೆ ಬಂದವರೆಲ್ಲ ನನ್ನನ್ನೇ ನೋಡುತ್ತಾರೆ ಎಂದುಕೊಂಡು ತಿರುಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಆದರೆ ಯಾರೂ ಏನೂ ಅನ್ನಲಿಲ್ಲ.

ಏಪ್ರಿಲ್‌ನಲ್ಲಿ ಊರ ಸಭೆ ಸೇರಿತು. ಹಿಲ್ಕಾ ಬೈರಿಗೆಯನ್ನು ತಂದು ಮೇಜಿನ ಮೇಲಿಟ್ಟಳು. "ನನ್ನ ತಲೆ ಮೇಲೆ ನಂಗೇ ನಂಬಿಕೆ ಇಲ್ಲ. ನನ್ನ ಟೊಂಗೆ ನಂಬ್ಕೊಂಡು ಬೇರೆ ಯಾರಾದ್ರೂ ಬಂದಿದ್ರೆ ಏನ್ ಗತಿ? ಇನ್ನು ಬೇರೆಯವರು ಮಾಡ್ಲಿ" ಎಂದಳು. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ಅವಳು ಸರಿಯಾಗೇ ನೆಟ್ಟಿದ್ಲು. ಕಿತ್ತು ಕೊಲ್ಲಿಗೆ ತಂದಿದ್ದು ನಾನು. ಭಾನುವಾರ, ಅವಳು ಚರ್ಚಲ್ಲಿದ್ದಾಗ."

ಅಂಗಡಿಯ ಓನ್ನಿ ಮೆಲ್ಲಗೆ ನಕ್ಕ. "ಪ್ರಾಣ ಉಳಿಸಿದ್ದು ಸಾಲ್ದು ಅಂತ ಈಗ ಮಾನಾನೂ ಉಳಿಸ್ತಾವ್ನೆ ನೋಡ್ರಪ್ಪಾ."

"ಸುಳ್ಳಲ್ಲ ಓನ್ನಿ. ನಲವತ್ತು ಟೊಂಗೆ. ನಾನೇ ಕಿತ್ತಿದ್ದು."

"ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ತೋರಿಸೋಣವೆಂದರೆ ಗಡ್ಡೆಯೂ ಇರಲಿಲ್ಲ, ಟೊಂಗೆಯೂ ಇರಲಿಲ್ಲ. ಸತ್ಯವಾಗಿ ಹೇಳ್ತೀನಿ ಎಂದು ಆಣೆಯಿಟ್ಟೆ. ಆಯ್ಲಿ ಎದ್ದು ಬಂದು ನನ್ನ ಕಪ್ಪಿಗೆ ಕಾಫಿ ಸುರಿದಳು, ಅವಳ ಕಣ್ಣು ಒದ್ದೆಯಾಗಿತ್ತು.

ಹಿಲ್ಕಾ ನನ್ನ ಕೈ ತಟ್ಟಿದಳು. "ಕೂತ್ಕೋ. ಅವತ್ತು ನೆನಪಿಲ್ಲ ಅಂದ್ಯಲ್ಲ, ಅದೇ ನಿಜ. ಕನಿಕರಕ್ಕೆ ಸುಳ್ಳು ಹೇಳ್ಬೇಡ. ನೀನು ಇಷ್ಟು ಒಳ್ಳೆಯವನು ಅಂತ ಅರವತ್ತು ವರ್ಷ ನಂಗೆ ಗೊತ್ತಾಗ್ಲಿಲ್ವಲ್ಲೋ."

ಬೈರಿಗೆಯನ್ನು ನನ್ನ ಕೈಗೇ ಕೊಟ್ಟರು.

ಈ ಜನವರಿ ನಾನು ದಾರಿ ನೆಟ್ಟೆ, ಮೂಲೆ ಸುತ್ತಿಸಿ, ಆಯ್ಲಿಯ ಅಂಗಡಿಯ ಮುಂದೆಯೇ. ನೆಟ್ಟ ಮೇಲೂ ನಂಬಿಕೆ ಸಾಲದೆ ಒಂದೊಂದು ಟೊಂಗೆಯ ಬುಡದಲ್ಲೂ ದಿನಕ್ಕೆರಡು ಸಲ ಕೊರೆದು ನೋಡುತ್ತೇನೆ. ಮೇಲೆ ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಬಣ್ಣ ನೋಡುತ್ತೇನೆ. ಹಿಲ್ಕಾ ಹೊಸ ಬಂಡಿ ನೂಕಿಕೊಂಡು ಬರುತ್ತಾಳೆ. ಗಡ್ಡೆ ಎಷ್ಟು ದಪ್ಪ ಎಂದು ಒಂದು ಮಾತೂ ಕೇಳದೆ ನನ್ನ ಸಾಲು ಹಿಡಿದು ದಾಟಿ ಹೋಗುತ್ತಾಳೆ.