ಜಯನಗರದಲ್ಲಿ ನಿದ್ದೆ

ನನ್ನ ಸೊಂಟನೋವು ನಮ್ಮ ಮನೆಯ ಬಾಡಿಗೆದಾರರಿಗಿಂತ ಹಳೆಯದು. ಅವರಾದರೂ ಒಂದಲ್ಲ ಒಂದು ದಿನ ಖಾಲಿ ಮಾಡುತ್ತಾರೆ.

ಸುದ್ದಗುಂಟೆಪಾಳ್ಯದಲ್ಲಿ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಕಟ್ಟಿ, ಮೇಲಿನ ಮಹಡಿಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ನೋವಿಗೆ ಮಾತ್ರೆ, ಎಣ್ಣೆ, ಬೆಲ್ಟು, ಹರಕೆ ಎಲ್ಲ ಆಗಿತ್ತು. ನಿದ್ದೆಗೆಟ್ಟು ನಾನು ಕಸದ ಗಾಡಿಯವರಿಂದ ಹಿಡಿದು ದೇವರವರೆಗೆ ಎಲ್ಲರ ಮೇಲೂ ಹಾರಾಡುತ್ತಿದ್ದೆ. ಯಜಮಾನರು ಮಗ್ಗುಲು ಬದಲಿಸಿದರೆ ಮಂಚ ಅಲುಗಿ ನನಗೆ ಜೀವ ಹೋಗುತ್ತಿತ್ತು. ಒಂದು ದಿನ ಅವರೇ ದಿಂಬು ತೆಗೆದುಕೊಂಡು ಹಾಲ್‌ಗೆ ಹೋದರು. ಮತ್ತೆ ಒಳಗೆ ಬರಲಿಲ್ಲ. ಅವರು ವಾಪಸ್ ಬರಬೇಕು ಎಂಬುದೇ ನನ್ನ ಆಸೆ. ಡಾಕ್ಟರ ಹತ್ತಿರ ಅದನ್ನು ಹೇಳಲು ನಾಚಿಕೆಯಾಗಿ, ನಿದ್ದೆ ಬರಬೇಕು ಎಂದಷ್ಟೇ ಹೇಳಿದೆ. ಅವರು ಜಯನಗರದಲ್ಲಿ ಮಾತಿನಲ್ಲೇ ಮಂಪರು ಬರಿಸುವ ಹಿಪ್ನೋಥೆರಪಿ ಮೇಡಂ ಹತ್ತಿರ ಕಳಿಸಿದರು.

"ನೋವು ಪೂರ್ತಿ ಹೋಗುತ್ತೆ ಅಂತ ಹೇಳಲ್ಲ ಆಂಟಿ," ಎಂದು ಮೇಡಂ ಮೊದಲೇ ಹೇಳಿದರು. "ಮನಸ್ಸು ಅದರ ಮೇಲಿಂದ ಸ್ವಲ್ಪ ಸರಿಯುತ್ತೆ. ನಿದ್ದೆ ಬರೋಕೆ ಅಷ್ಟು ಸಾಕು."

ನಿಂಬೆಹಣ್ಣು, ಕುಂಕುಮ ಏನೂ ಇರಲಿಲ್ಲ. ಒರಗುವ ಕುರ್ಚಿ, ಒಂದು ಫ್ಯಾನು. ಯಜಮಾನರು ಮೂಲೆಯ ಸೋಫಾದಲ್ಲಿ ಚಪ್ಪಲಿ ಬಿಟ್ಟು ಕಾವಲಿಗೆ ಕೂತರು. ನಾನು ಕಣ್ಣು ಮುಚ್ಚಿದೆ.

"ಉಸಿರು ನಿಧಾನ... ಈಗ ನೀರು ಹರಿಯೋ ಸದ್ದು ಕೇಳಿಸ್ತಿದೆ. ಹರೀತಾನೇ ಇದೆ..."

"ರೀ, ಮೋಟಾರ್!" ಎಂದು ಎದ್ದು ಕೂತೆ.

"ಆಫ್ ಮಾಡೇ ಬಂದಿದ್ದೀನಿ ಕಣೇ," ಎಂದರು ಅವರು, ಆಗಲೇ ಚಪ್ಪಲಿ ಮೆಟ್ಟುತ್ತ. ಬಾಡಿಗೆ ಮನೆ ಇಟ್ಟವರಿಗೆ ಹರಿಯುವ ನೀರೆಂದರೆ ಮೇಲೆ ತುಂಬಿ ಚೆಲ್ಲುತ್ತಿರುವ ಟ್ಯಾಂಕು. ಮೇಡಂ ಓದಿದ ಪುಸ್ತಕದಲ್ಲಿ ಇದು ಇರಲಿಲ್ಲವೇನೋ.

ಮುಂದಿನ ವಾರ ಅವರು ನೀರಿನ ಮಾತು ಬಿಟ್ಟು ಹೊಂಗೆಮರದ ನೆರಳು ತಂದರು. ನೋವು ಇತ್ತು, ಆದರೆ ಪಕ್ಕದ ಮನೆಯಲ್ಲಿ ಟಿವಿ ಹಾಕಿದಷ್ಟು ದೂರದಲ್ಲಿ. ಕಣ್ಣು ಬಿಡುವಾಗ ಗೊರಕೆ ಕೇಳಿಸಿತು. ನನ್ನದಲ್ಲ. ಯಜಮಾನರು ಬಾಯಿ ತೆರೆದು ಮಲಗಿದ್ದರು. ಮೈಯೆಲ್ಲ ಉರಿದುಹೋಯಿತು.

"ಟ್ರೀಟ್‌ಮೆಂಟ್ ನನಗೋ ನಿಮಗೋ?" ಎಂದು ಹಿಡಿದು ಅಲುಗಿಸಿದೆ.

ಅವರು ಕಣ್ಣುಜ್ಜಿಕೊಂಡರು. "ಇಲ್ಲಿ ನೀನು ನರಳ್ಲಿಲ್ವಲ್ಲ, ನಿದ್ದೆ ಬಂದ್ಬಿಡ್ತು."

ಹಾಲ್‌ನಲ್ಲಿ ಅವರು ಸುಖವಾಗಿ ಮಲಗುತ್ತಾರೆ ಎಂದುಕೊಂಡಿದ್ದೆ. ತಡೆಯಲಾರದಷ್ಟು ಅಳು ಬಂತು. ಮೇಡಂ ಎದುರಿಗೇ ಅತ್ತುಬಿಟ್ಟೆ.

"ಅಲ್ಲಿಗೂ ಕೇಳುತ್ತೆ ಅಂದ್ಮೇಲೆ ಒಳಗೇ ಬಂದು ಮಲಕ್ಕೊಳ್ಳಿ," ಎಂದೆ.

"ಮಂಚ ಅಲುಗುತ್ತಲ್ಲ?"

"ಅಲುಗ್ಲಿ ಬಿಡಿ."