‘ನೀವು ಮೊದಲು’ ಎಂದು ನಿಂತುಬಿಟ್ಟ ರೋಬೋಟ್‌ಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಹಿಂದಿನ ಮರಳಿನ ಅಂಗಳದಲ್ಲಿ ಚಪ್ಪಲಿ ಕಳಚಿಟ್ಟು ಕೂತಿದ್ದಾರೆ ಗಣಿತದ ಮೇಡಂ. ಎದುರಿಗೆ ಎರಡು ಬಂಡೆ, ನಡುವೆ ಇಕ್ಕಟ್ಟಾದ ಸಂದಿ, ಅದರ ಎರಡೂ ಬದಿಗೆ ಬೆಕ್ಕಿನ ಗಾತ್ರದ ಹನ್ನೆರಡು ರೋಬೋಟ್‌ಗಳು. ಭೂಮಿಯಿಂದ ಬಹುದೂರದ ಒಂದು ಉಪಗ್ರಹಕ್ಕೆ ಹೋಗಬೇಕಾದ ತಂಡವಿದು. ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ. ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ಅವು ಎಡವುವುದಿಲ್ಲವೆಂದು ಹೊರಡುವ ಮೊದಲೇ ಗಣಿತದಲ್ಲಿ ರುಜುವಾತು ಮಾಡುವುದು ಮೇಡಂ ಕೆಲಸ.

“ಸಾವಿರ ಸಲ ಓಡಿಸಿ ನೋಡಿದ್ರೂ ಮುಂದಿನ ಸಲ ಏನಾಗತ್ತೋ ಗೊತ್ತಿಲ್ಲ. ರುಜುವಾತಾದ್ರೆ ಎಲ್ಲಾ ಸಲಕ್ಕೂ ಆಯ್ತು,” ಎನ್ನುತ್ತಾರೆ.

ಇವು ಎಂದೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಎಂಬ ಅವರ ಮೊದಲ ರುಜುವಾತು ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಗಿತ್ತು. ಕಚೇರಿಯವರೆಲ್ಲ ಬೆನ್ನು ತಟ್ಟಿದರು, ಉಡಾವಣೆಯ ದಿನವೂ ಗೊತ್ತಾಯಿತು. ಇವರು ಮಾತ್ರ ಅದೇ ಹಾಳೆಗಳನ್ನು ಮತ್ತೆ ಹರಡಿಕೊಂಡು ಕೂತರು. ಇಷ್ಟು ಸಲೀಸಾಗಿ ಆಗುವ ಕೆಲಸವೇ ಅಲ್ಲ ಇದು.

ಕೆದಕಿದಾಗ ಸಿಕ್ಕಿದ್ದು ತಮ್ಮದೇ ಎಡವಟ್ಟು. ಎದುರಿಗೆ ಇನ್ನೊಂದು ಬಂದರೆ ದಾರಿ ಬಿಡಬೇಕೆಂಬುದು ರೋಬೋಟ್‌ಗಳ ನಿಯಮ. ಸಂದಿಯ ಬಾಯಲ್ಲಿ ಎಲ್ಲವೂ ಒಟ್ಟಿಗೆ ಸೇರಿದರೆ ಪ್ರತಿಯೊಂದೂ ಮರ್ಯಾದಸ್ಥರ ಹಾಗೆ ನಿಂತುಬಿಡುತ್ತದೆ, ಬ್ಯಾಟರಿ ಖಾಲಿಯಾಗುವವರೆಗೂ. ಡಿಕ್ಕಿ ಆಗುವುದಿಲ್ಲ ನಿಜ. ಕದಲಿದರೆ ತಾನೇ ಡಿಕ್ಕಿ!

“ಕೆಟ್ಟದ್ದು ಆಗಬಾರದು ಅಂತ ಮಾತ್ರ ನೋಡಿದ್ದೆ. ಒಳ್ಳೇದು ಆಗತ್ತಾ ಅಂತ ಕೇಳೋದೇ ಮರೆತಿದ್ದೆ.”

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ತುಂಬಿದ ಸಭೆಯಲ್ಲಿ ಎದ್ದುನಿಂತು ತಮ್ಮ ರುಜುವಾತನ್ನು ತಾವೇ ವಾಪಸು ತೆಗೆದುಕೊಂಡರು. ಈ ಧೈರ್ಯಕ್ಕೆ ಕೈಮುಗಿಯಬೇಕು. ಉಡಾವಣೆ ಮುಂದಕ್ಕೆ ಹೋಯಿತು, ಕೆಲವರು ಮುಖ ಗಂಟುಹಾಕಿಕೊಂಡರು. ಹೊಸ ರುಜುವಾತು ಸಿಗದಿದ್ದರೆ ಇಡೀ ಯಾನವೇ ರದ್ದು ಎಂದು ಮೇಲಿನವರು ಹೇಳಿಬಿಟ್ಟರು. ಮನೆಯಲ್ಲಿ ಅತ್ತೆಯದು ದಿನಾ ಒಂದೇ ವಿಚಾರಣೆ: “ನಿನ್ನ ಮಕ್ಳು ಇವತ್ತಾದ್ರೂ ಹೆಜ್ಜೆ ಇಟ್ವೇನೇ?”

ಈಗ ನಿಯಮ ಬದಲಾಗಿದೆ. ಎಲ್ಲವೂ ನಿಂತರೆ, ಬ್ಯಾಟರಿ ಕಡಿಮೆ ಇರುವುದು ಮೊದಲು ಹೋಗಬೇಕು. ಅದೂ ಸಮನಾದರೆ, ಮೈಮೇಲಿನ ಸಂಖ್ಯೆ ಚಿಕ್ಕದಿರುವುದು. ಹೇಳಲು ಇಷ್ಟೇ. ಎಂಥ ಇಕ್ಕಟ್ಟಿನಲ್ಲೂ ಒಂದಾದರೂ ಮುಂದೆ ಹೋಗಿಯೇ ತೀರುತ್ತದೆಂದು ತೋರಿಸಲು ತಿಂಗಳುಗಟ್ಟಲೆ ಹಿಡಿಯಿತು. ಮೊನ್ನೆಯಷ್ಟೇ ಅದು ಮುಗಿದಿದೆ.

ಅಂಗಳದಲ್ಲಿ ಹನ್ನೆರಡೂ ಸಂದಿಯ ಮುಂದೆ ಬಂದು ನಿಲ್ಲುತ್ತವೆ. ಗಣಿತ ಗೊತ್ತಿದ್ದೂ ಮೇಡಂ ಉಸಿರು ಬಿಗಿಹಿಡಿಯುತ್ತಾರೆ. ಒಂದು ಮೆಲ್ಲಗೆ ಸಂದಿಗೆ ನುಗ್ಗುತ್ತದೆ, ಅದು ದಾಟಿದ ಮೇಲೆ ಇನ್ನೊಂದು. ಅವರ ಕಣ್ಣು ತುಂಬಿ ಬರುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ: “ಅಲ್ಲಿ ಇಳಿದಾಗ ‘ಎಲ್ಲಾ ಕ್ಷೇಮ’ ಅಂತ ಸುದ್ದಿ ಬರತ್ತೆ, ಎಲ್ಲರೂ ಚಪ್ಪಾಳೆ ತಟ್ತಾರೆ. ನಾನು ತಟ್ಟಲ್ಲ. ‘ಹೊರಟ್ವು’ ಅಂತ ಬರಲಿ, ಆಗ ಅತ್ತೆಗೆ ಫೋನ್ ಮಾಡ್ತೀನಿ.”