ತೊಟ್ಟಿಗೆ ಸುರಿದ ಕಳಸದ ನೀರು

ತೊಂಬತ್ತರ ದಶಕದ ಮೊದಲ ವರ್ಷಗಳು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿಯಲ್ಲಿ ಬೀರುವಿನಷ್ಟು ಎತ್ತರದ ಕಂಪ್ಯೂಟರ್ ಒಂದಿತ್ತು. ಅದರ ಕಾವು ಇಳಿಸಲು ಎ.ಸಿ. ಗಾಳಿ ಸಾಲದೆ, ಒಳಗಿನ ಪೈಪುಗಳಲ್ಲಿ ಡಿಸ್ಟಿಲ್ಡ್ ವಾಟರ್ ಹರಿಸುತ್ತಿದ್ದರು. ಆ ನೀರಿನ, ಅದು ತುಂಬಿದ ತೊಟ್ಟಿಯ ಹೊಣೆ ನನ್ನದು. ಉಪ್ಪೋ ಕೊಳೆಯೋ ಬೆರೆತು ನೀರು ಕೆಟ್ಟು, ತೊಟ್ಟಿಯ ಪಕ್ಕದ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಮೆಷಿನ್ ತಾನಾಗಿ ನಿಂತುಬಿಡುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ತೊಟ್ಟಿಯ ಹತ್ತಿರ ಯಾರು ಸುಳಿದರೂ ರೇಗುತ್ತಿದ್ದೆ.

ಹಬ್ಬಕ್ಕೆ ರಜೆಯೆಂದು ಆಯುಧಪೂಜೆಯನ್ನು ಹಿಂದಿನ ದಿನವೇ ಮುಗಿಸುವುದು ನಮ್ಮಲ್ಲಿ ರೂಢಿ. ರಾಯಚೂರಿನ ಕಡೆಯ ಕಾಂಟ್ರಾಕ್ಟ್ ಕೆಲಸಗಾರನೊಬ್ಬ, ನನಗಿಂತ ಹಿರಿಯ, ಆ ನೀರು ಹರಿಸುವ ಪಂಪಿಗೆ ವಿಭೂತಿ ಬಳಿದು ಕುಂಕುಮ ಇಟ್ಟ. ಪೂಜೆಯಾದ ಮೇಲೆ ಕಳಸವನ್ನು ನನ್ನ ಕೈಗೆ ಕೊಟ್ಟು, “ಸರ, ಈ ನೀರು ಗಟಾರಕ್ಕ ಚೆಲ್ಲಬ್ಯಾಡ್ರಿ, ಮಂದಿ ತುಳಿತಾರ. ಗಿಡದ ಬುಡಕ್ಕ ಹಾಕ್ರಿ” ಎಂದು ಕಸ ಗುಡಿಸಲು ಹೋದ.

ಗಿಡ ಇದ್ದದ್ದು ಗೇಟಿನ ಹತ್ತಿರ. ಅಷ್ಟು ದೂರ ಯಾರು ಹೋಗುತ್ತಾರೆ? ಇಷ್ಟು ದೊಡ್ಡ ತೊಟ್ಟಿಗೆ ಒಂದು ಚೊಂಬು ಯಾವ ಲೆಕ್ಕ, ಅದೂ ದೇವರ ನೀರು ಎಂದುಕೊಂಡು, ಮುಚ್ಚಳ ತೆಗೆದು ಆ ಬೋರ್‌ವೆಲ್ ನೀರನ್ನು ಅರಿಶಿನ ಕುಂಕುಮದ ಸಮೇತ ಸುರಿದೇಬಿಟ್ಟೆ.

ಊಟದ ಹೊತ್ತಿಗೆ ಮುಳ್ಳು ಏರತೊಡಗಿತು. ಸಂಜೆಯೊಳಗೆ ಮುಗಿಸಿಕೊಡಬೇಕಾದ ಕೆಲಸ ಮೆಷಿನ್ನಿನಲ್ಲಿ ಓಡುತ್ತಿತ್ತು. ಆ ಕೆಲಸಗಾರನನ್ನು ಕೂಗಿ ಕರೆದೆ. ಇಬ್ಬರೂ ಸೇರಿ ತೊಟ್ಟಿಯ ಕೆಳಗಿನಿಂದ ನೀರು ಬಿಡುತ್ತ, ಮೇಲಿನಿಂದ ಕ್ಯಾನುಗಟ್ಟಲೆ ಹೊಸ ನೀರು ಸುರಿದೆವು. ಗೆರೆಗೆ ಕೂದಲೆಳೆಯಷ್ಟು ದೂರದಲ್ಲಿ ಮುಳ್ಳು ನಿಂತಿತು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಹೊರಗೆ ಹರಿದ ನೀರಿನ ಕೆಂಪು ಬಣ್ಣ ಕಂಡು, ಕುಂಕುಮ ಮೆತ್ತಿದ್ದ ಅವನ ಬೆರಳುಗಳನ್ನು ನೋಡಿದರು.

“ನೀನೇನಯ್ಯಾ ಹಾಕಿದ್ದು?”

“ನಾ ಒಳಗ ಏನೂ ಹಾಕಿಲ್ರಿ ಸರ” ಎಂದ ಅವನು ನನ್ನ ಮುಖ ನೋಡುತ್ತ ಕಾದ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. “ಏನ್ರೀ, ಇವನೇನಾ?”

ನನ್ನ ಕೆಲಸ ಹೋದೀತೆಂಬ ಭಯ. “ನಾನು ನೋಡ್ಲಿಲ್ಲ ಸಾರ್” ಎಂದೆ.

ಹಬ್ಬ ಮುಗಿದ ಮೇಲೆ ಬರುವುದು ಬೇಡವೆಂದು ಅವನಿಗೆ ಹೇಳಿ ಮ್ಯಾನೇಜರ್ ಹೊರಟರು. ಅವನು ಕೈಯಲ್ಲಿದ್ದ ಕ್ಯಾನನ್ನು ಪೂರ್ತಿ ಸುರಿದ. ಮುಚ್ಚಳ ಬಿಗಿದು, ಮುಳ್ಳು ಇಳಿಯುವ ತನಕ ಅಲ್ಲೇ ನಿಂತ. ಆಮೇಲೆ ಬುತ್ತಿ ಡಬ್ಬ ಎತ್ತಿಕೊಂಡು, “ಗಿಡ ಗೇಟಿನ ಹಂತೇಲಿ ಐತ್ರಿ ಸರ. ಬರೋ ವರ್ಷ ಅಲ್ಲೇ ಹಾಕ್ರಿ” ಎಂದ.

ಆ ಕ್ಷಣಕ್ಕೆ ನನಗೆ ಸಿಟ್ಟು ಬಂದದ್ದು ಅವನ ಮೇಲೆ. ನನ್ನ ಮೇಲೆ ಬರಲು ಬಹಳ ದಿನ ಹಿಡಿಯಿತು.